ನಾವಿಕ್‌ನ ಇವತ್ತಿನ ಲೆಕ್ಕ ಕೊಡಿ: ಇಸ್ರೋಗೊಂದು ಬಹಿರಂಗ ಪತ್ರ

ಇಸ್ರೋ ಅಧ್ಯಕ್ಷರಿಗೆ ಮತ್ತು ಬಾಹ್ಯಾಕಾಶ ಇಲಾಖೆಯ ಹಿರಿಯರಿಗೆ,

ನಮಸ್ಕಾರ.

ಸುತ್ತಿ ಬಳಸಿ ಮಾತಾಡುವುದು ಬೇಡ, ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಜಿಪಿಎಸ್ ಥರ ಜಾಗ, ದಾರಿ ತೋರಿಸಲು ನಾವೇ ಕಟ್ಟಿಕೊಂಡ ನಾವಿಕ್‌ನ ಎಷ್ಟು ಉಪಗ್ರಹಗಳು ಈ ಹೊತ್ತು ದಾರಿ ತೋರಿಸುತ್ತಿವೆ, ಯಾವುದರಲ್ಲಿ ಎಷ್ಟು ಗಡಿಯಾರ ಓಡುತ್ತಿದೆ, ಯಾವುದಕ್ಕೆ ವಯಸ್ಸಾಗಿದೆ, ಅದರ ಜಾಗಕ್ಕೆ ಬರುವುದು ಯಾವುದು, ಯಾವಾಗ. ಇಷ್ಟನ್ನು ಒಂದೇ ಪುಟದಲ್ಲಿ ಬರೆದು, ತಿಂಗಳಿಗೊಮ್ಮೆ ತಿದ್ದಿ, ಯಾರು ಬೇಕಾದರೂ ಓದುವ ಹಾಗೆ ಇಡಿ. ಸೇನೆಗೆಂದು ಇಟ್ಟಿರುವ ಗುಪ್ತ ಸೇವೆಯ ವಿವರ ನಮಗೆ ಬೇಡ. ಸಾರ್ವಜನಿಕರಿಗೆ ಅಂತ ಕೊಟ್ಟಿರುವ ಸೇವೆ ಇದೆಯಲ್ಲ, ಅದರದ್ದು ಸಾಕು.

ನಾನು ವಿಜ್ಞಾನಿಯಲ್ಲ. ತೆರಿಗೆ ಕಟ್ಟುವವನು, ಉಡಾವಣೆ ಇದ್ದ ದಿನ ಕೆಲಸ ಬದಿಗಿಟ್ಟು ಲೈವ್ ನೋಡುವವನು, ಕೌಂಟ್‌ಡೌನ್ ಹತ್ತಕ್ಕೆ ಬಂದಾಗ ಈಗಲೂ ಕೈ ತಣ್ಣಗಾಗುವವನು. ಆದ್ದರಿಂದ ಈ ಪತ್ರದಲ್ಲಿ ಸಿಟ್ಟಿದ್ದರೆ ಅದು ಹೊರಗಿನವನ ಸಿಟ್ಟು ಅಂತ ತಿಳಿಯಬೇಡಿ.

ಮೊದಲು ಹೊಗಳಬೇಕಾದ್ದನ್ನು ಹೊಗಳಿಬಿಡೋಣ. 2006ರಲ್ಲಿ ಸರ್ಕಾರ ಈ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಇಟ್ಟ ಹಣ 1,420 ಕೋಟಿ ರೂಪಾಯಿ. ಆಗ ಅದರ ಹೆಸರು ಐಆರ್‌ಎನ್‌ಎಸ್‌ಎಸ್, ಹೇಳುವಷ್ಟರಲ್ಲಿ ನಾಲಿಗೆ ತಿರುಚಿಕೊಳ್ಳುವಂಥದ್ದು. ಏಳು ಉಪಗ್ರಹ: ಮೂರು ಸಮಭಾಜಕದ ಮೇಲೆ ನಿಂತಂತೆ ಕಾಣುವವು, ನಾಲ್ಕು ಓರೆ ಕಕ್ಷೆಯಲ್ಲಿ ದಿನವೂ ಆಕಾಶದಲ್ಲಿ ಎಂಟರ ಆಕಾರ ಬರೆಯುವವು. ಇಡೀ ಭೂಮಿಗೆ ಸೇವೆ ಕೊಡಲು ಅಮೆರಿಕದವರ ಜಿಪಿಎಸ್‌ಗೆ ಕನಿಷ್ಠ 24 ಉಪಗ್ರಹ ಬೇಕು. ನಮಗೆ ಭಾರತ ಮತ್ತು ಅದರ ಗಡಿಯಿಂದಾಚೆ 1,500 ಕಿಲೋಮೀಟರ್ ಸಾಕು, ಹಾಗಾಗಿ ಎಲ್ಲವನ್ನೂ 36,000 ಕಿಲೋಮೀಟರ್ ಎತ್ತರದಲ್ಲಿ ನಮ್ಮ ತಲೆಯ ಮೇಲೇ ಇಟ್ಟರೆ ಏಳರಲ್ಲಿ ಕೆಲಸ ಮುಗಿಯುತ್ತದೆ. ಇದು ಜಾಣ ಲೆಕ್ಕ. 2013ರ ಜುಲೈ 1ರಂದು ಮೊದಲ ಉಪಗ್ರಹ 1ಎ ಹಾರಿತು, 2016ರ ಏಪ್ರಿಲ್ 28ರಂದು ಏಳನೆಯದಾದ 1ಜಿ ಹಾರಿತು. ಮೂರು ವರ್ಷ ತುಂಬುವ ಮೊದಲೇ ಏಳು ಪಿಎಸ್‌ಎಲ್‌ವಿ ರಾಕೆಟ್, ಏಳೂ ಗೆದ್ದವು. ಕೊನೆಯದು ಹಾರಿದ ದಿನವೇ ಪ್ರಧಾನಿ ನಾವಿಕ್ ಎಂದು ಹೆಸರಿಟ್ಟರು. ಪತ್ರಿಕೆಗಳಲ್ಲೂ ಅದೇ ಸುದ್ದಿ.

ಅಲ್ಲಿಗೆ ಕತೆ ಮುಗಿಯಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲಿಂದಲೇ ಶುರುವಾಗಿದ್ದು.

ಈ ಪತ್ರ ಓದುತ್ತಿರುವ ಉಳಿದವರಿಗೂ ಗೊತ್ತಾಗಲಿ ಅಂತ ಒಂದು ಸಂಗತಿ ಬಿಡಿಸಿ ಹೇಳುತ್ತೇನೆ, ನಿಮಗೆ ಇದು ಗೊತ್ತಿರುವುದೇ. ದಾರಿ ತೋರಿಸುವ ಉಪಗ್ರಹಕ್ಕೆ ಭೂಮಿಯ ಮೇಲೆ ನಾವೆಲ್ಲಿದ್ದೇವೆ ಅಂತ ಗೊತ್ತೇ ಇರುವುದಿಲ್ಲ. ಅದು ನಮ್ಮನ್ನು ನೋಡುವುದಿಲ್ಲ, ಹಿಂಬಾಲಿಸುವುದಿಲ್ಲ. ಅದು ಮಾಡುವುದು ಒಂದೇ ಕೆಲಸ: ನಾನು ಇಲ್ಲಿದ್ದೇನೆ, ನನ್ನ ಗಡಿಯಾರದಲ್ಲಿ ಈಗ ಗಂಟೆ ಇಷ್ಟು ಎಂದು ಬಿಡದೆ ಕೂಗುತ್ತಿರುವುದು. ಆ ಕೂಗು ತಲುಪಲು ಎಷ್ಟು ಹೊತ್ತಾಯಿತು ಅನ್ನುವುದರಿಂದ ಫೋನ್ ದೂರ ಲೆಕ್ಕ ಹಾಕುತ್ತದೆ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್, ಆದ್ದರಿಂದ ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್. ಉದ್ದ, ಅಗಲ, ಎತ್ತರ ಅಂತ ಗೊತ್ತಿಲ್ಲದ್ದು ಮೂರು. ಜೊತೆಗೆ ಫೋನಿನೊಳಗಿನ ಗಡಿಯಾರ ಅಗ್ಗದ್ದು, ಅದೆಷ್ಟು ತಪ್ಪಿದೆ ಅನ್ನುವುದು ನಾಲ್ಕನೆಯದು. ನಾಲ್ಕು ಗೊತ್ತಿಲ್ಲದ್ದಕ್ಕೆ ನಾಲ್ಕು ಉಪಗ್ರಹ ಬೇಕೇ ಬೇಕು. ಈ ನಾಲ್ಕು ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂದರೆ ಈ ವ್ಯವಸ್ಥೆಯ ಜೀವ ಇರುವುದು ಗಡಿಯಾರದಲ್ಲಿ. ನಾವಿಕ್‌ನಲ್ಲಿರುವುದು ರುಬಿಡಿಯಂ ಪರಮಾಣು ಗಡಿಯಾರ. ಅದರೊಳಗೆ ಗಾಜಿನ ಒಂದು ಪುಟ್ಟ ಕೋಶ, ಕೋಶದ ತುಂಬ ರುಬಿಡಿಯಂ ಆವಿ. ಒಂದು ಕಡೆಯಿಂದ ದೀಪದ ಬೆಳಕು ಆವಿಯೊಳಗೆ ಹಾದು ಆಚೆ ಬದಿಯ ಸೆನ್ಸರ್‌ಗೆ ಬೀಳುತ್ತದೆ. ಕೋಶಕ್ಕೆ ಮೈಕ್ರೋವೇವ್ ಹಾಯಿಸುತ್ತಾರೆ. ಆ ಅಲೆ ಸೆಕೆಂಡಿಗೆ ಸುಮಾರು 683 ಕೋಟಿ ಸಲ, ಅದೂ ಸರಿಯಾಗಿ ಪರಮಾಣುವಿಗೆ ಹೊಂದುವ ಲೆಕ್ಕದಲ್ಲಿ ಮಿಡಿದಾಗ ಮಾತ್ರ ಆವಿ ಬೆಳಕನ್ನು ಸ್ವಲ್ಪ ಜಾಸ್ತಿ ಹೀರುತ್ತದೆ, ಸೆನ್ಸರ್‌ಗೆ ಬೀಳುವ ಬೆಳಕು ಒಂದು ಚೂರು ಮಂಕಾಗುತ್ತದೆ. ಆ ಮಂಕು ಬಿಟ್ಟುಹೋಗದ ಹಾಗೆ ಅಲೆಯನ್ನು ಹಿಡಿದಿಡುವುದೇ ಇಡೀ ಯಂತ್ರದ ಕೆಲಸ. ವರ್ಷಗಟ್ಟಲೆ, ರಿಪೇರಿಗೆ ಯಾರೂ ಹೋಗಲಾಗದ ಜಾಗದಲ್ಲಿ.

ಪ್ರತಿ ಉಪಗ್ರಹದಲ್ಲೂ ಇಂಥ ಮೂರು ಗಡಿಯಾರ ಇಟ್ಟಿದ್ದಿರಿ, ಒಂದು ಕೈಕೊಟ್ಟರೆ ಇನ್ನೊಂದು ಅಂತ. ಆಗ ಅವನ್ನು ಸ್ವಿಟ್ಜರ್ಲೆಂಡಿನಿಂದ ತರಿಸಿದ್ದು. 1ಎಯಲ್ಲಿ ಮೂರೂ ನಿಂತುಹೋದವು. ಉಪಗ್ರಹ ಗಟ್ಟಿಮುಟ್ಟಾಗಿದೆ, ಸೌರಫಲಕ ಸರಿಯಿದೆ, ರೇಡಿಯೋ ಸರಿಯಿದೆ, ಆದರೆ ಗಂಟೆ ಎಷ್ಟು ಅಂತ ಹೇಳಲು ಬಾರದು. ಆಮೇಲೆ ಬೇರೆ ಉಪಗ್ರಹಗಳ ಗಡಿಯಾರಗಳೂ ಒಂದೊಂದಾಗಿ ಕೈಕೊಟ್ಟವು.

ಇದೇ ತಲೆನೋವು ಯುರೋಪಿನವರ ಇಂಥದ್ದೇ ವ್ಯವಸ್ಥೆ ಗೆಲಿಲಿಯೋಗೂ ಬಂದಿತ್ತು. ಅವರು ಏನು ಮಾಡಿದರು ನೋಡಿ. 2017ರ ಜನವರಿಯಲ್ಲಿ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಮುಖ್ಯಸ್ಥರೇ ಪತ್ರಕರ್ತರ ಮುಂದೆ ಕೂತು, 18 ಉಪಗ್ರಹಗಳಲ್ಲಿರುವ 72 ಗಡಿಯಾರಗಳ ಪೈಕಿ 9 ನಿಂತಿವೆ, ಅದರಲ್ಲಿ 3 ರುಬಿಡಿಯಂ, 6 ಹೈಡ್ರೋಜನ್ ಮೇಸರ್ ಅನ್ನುವ ಇನ್ನೊಂದು ಬಗೆಯ ಪರಮಾಣು ಗಡಿಯಾರ ಎಂದು ಬಾಯಿಬಿಟ್ಟು ಹೇಳಿದರು. ಹೇಳಿದ್ದಕ್ಕೆ ಅವರ ಮರ್ಯಾದೆಯೇನೂ ಹೋಗಲಿಲ್ಲ. ಗೆಲಿಲಿಯೋ ಇವತ್ತು ಜಗತ್ತಿನ ಅತ್ಯಂತ ನಿಖರ ವ್ಯವಸ್ಥೆಗಳಲ್ಲಿ ಒಂದು.

ನಮ್ಮ ಕತೆಗೆ ಬರೋಣ. 1ಎ ಜಾಗಕ್ಕೆ ಅಂತ 2017ರ ಆಗಸ್ಟ್ 31ರಂದು 1ಎಚ್ ಕಳಿಸಿದಿರಿ. ಉಪಗ್ರಹದ ಸುತ್ತ ಮುಚ್ಚಿದ್ದ ಹೀಟ್ ಶೀಲ್ಡ್ ಬಿಚ್ಚಿಕೊಳ್ಳಲೇ ಇಲ್ಲ, ಉಪಗ್ರಹ ಅದರೊಳಗೇ ಸಿಕ್ಕಿಕೊಂಡಿತು. 2018ರ ಏಪ್ರಿಲ್ 12ರಂದು 1ಐ ಸರಿಯಾಗಿ ಹೋಗಿ ಕೂತಿತು. ಸರಿ, ಮುಂದೆ? ಮುಂದಿನ ನಾವಿಕ್ ಉಪಗ್ರಹ ಹಾರಿದ್ದು 2023ರ ಮೇ 29ರಂದು. ನಡುವೆ ಐದು ವರ್ಷ. ಕೋವಿಡ್ ಬಂತು, ಒಪ್ಪುತ್ತೇನೆ. ನಮ್ಮದೇ ರುಬಿಡಿಯಂ ಗಡಿಯಾರ ಸಿದ್ಧವಾಗಬೇಕಿತ್ತು, ಅದನ್ನೂ ಒಪ್ಪುತ್ತೇನೆ. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದವರು ಆ ಗಡಿಯಾರ ಮಾಡಿದ್ದು ಸಣ್ಣ ಸಾಧನೆಯಲ್ಲ, ಅದನ್ನು ಮಾಡಬಲ್ಲ ದೇಶಗಳನ್ನು ಬೆರಳಲ್ಲಿ ಎಣಿಸಬಹುದು. ಅದು ಮೊದಲ ಸಲ ಹಾರಿದ್ದು 2023ರ ಆ ಉಪಗ್ರಹದಲ್ಲಿ, ಅಂದರೆ ಎನ್‌ವಿಎಸ್-01ರಲ್ಲಿ. ಆದರೂ ಕೇಳಲೇಬೇಕು: ಒಂದೊಂದಾಗಿ ಗಡಿಯಾರ ನಿಲ್ಲುತ್ತಿದ್ದ ಆ ಐದು ವರ್ಷದಲ್ಲಿ ಜನಕ್ಕೆ ಯಾರಾದರೂ ಹೇಳಿದಿರಾ, ನಾವಿಕ್ ಸೊರಗುತ್ತಿದೆ ಅಂತ?

ಮತ್ತೆ 2025ರ ಜನವರಿ 29. ಶ್ರೀಹರಿಕೋಟಾದಿಂದ ನೂರನೇ ಉಡಾವಣೆ. ಜಿಎಸ್‌ಎಲ್‌ವಿ ಎಫ್15 ರಾಕೆಟ್ ತನ್ನ ಕೆಲಸ ಚೊಕ್ಕವಾಗಿ ಮಾಡಿತು, ಎನ್‌ವಿಎಸ್-02 ಬೇರ್ಪಟ್ಟಿತು, ಚಪ್ಪಾಳೆ, ಅಪ್ಪುಗೆ, ಭಾಷಣ. ಫೆಬ್ರುವರಿ 2ಕ್ಕೆ ನೀವೇ ತಿಳಿಸಿದಿರಿ: ಕಕ್ಷೆ ಎತ್ತರಿಸುವ ಥ್ರಸ್ಟರ್‌ಗಳಿಗೆ ಆಕ್ಸಿಡೈಸರ್ (ಇಂಧನ ಉರಿಯಲು ಬೇಕಾದದ್ದು) ಬಿಡಬೇಕಿದ್ದ ವಾಲ್ವ್ ತೆರೆದುಕೊಳ್ಳಲಿಲ್ಲ. ಉಪಗ್ರಹ ಮೊಟ್ಟೆಯಾಕಾರದ ತಾತ್ಕಾಲಿಕ ಕಕ್ಷೆಯಲ್ಲೇ ಉಳಿಯಿತು. ನಾಲ್ಕೇ ದಿನಕ್ಕೆ ಇದನ್ನು ಹೇಳಿದಿರಲ್ಲ, ಅದಕ್ಕೆ ನಿಜಕ್ಕೂ ಧನ್ಯವಾದ. ನಾನು ಕೇಳುತ್ತಿರುವುದು ಇಂಥದ್ದೇ, ದೊಡ್ಡ ಅವಘಡ ಆದಾಗ ಮಾತ್ರ ಬೇಡ, ತಿಂಗಳು ತಿಂಗಳು ಬೇಕು.

ಯಾಕೆಂದರೆ ಪೂರ್ತಿ ಲೆಕ್ಕ ನಮಗೆ ಒಟ್ಟಿಗೆ ಸಿಕ್ಕಿದ್ದು ಸಂಸತ್ತಿನಲ್ಲಿ ಪ್ರಶ್ನೆ ಕೇಳಿದ ಮೇಲೆ. 2025ರ ಜುಲೈನಲ್ಲಿ ಸರ್ಕಾರ ಕೊಟ್ಟ ಉತ್ತರದ ಪ್ರಕಾರ ಕಳಿಸಿದ್ದು 11 ಉಪಗ್ರಹ. ಆಗ ದಾರಿ ತೋರಿಸುತ್ತಿದ್ದುದು 4. ಇನ್ನು 4 ಸಂದೇಶ ಕಳಿಸುವುದಕ್ಕೆ ಮಾತ್ರ ಬಳಕೆಯಲ್ಲಿದ್ದವು. ಒಂದನ್ನು ನಿವೃತ್ತಿ ಮಾಡಲಾಗಿದೆ, ಎರಡು ಸೇರಬೇಕಾದ ಕಕ್ಷೆ ಸೇರಲಿಲ್ಲ.

ನಾಲ್ಕು. ಬೇಕಾದ್ದು ಕನಿಷ್ಠ ನಾಲ್ಕು ಅಂದೆನಲ್ಲ, ಇದ್ದದ್ದೂ ಸರಿಯಾಗಿ ನಾಲ್ಕೇ. ಒಂದು ಬೆಟ್ಟ, ಒಂದು ಎತ್ತರದ ಕಟ್ಟಡ ಅಡ್ಡ ಬಂದರೆ ಮೂರು.

ಇನ್ನೂ ಒಂದು ಮಾತಿದೆ, ಇದನ್ನು ಯಾರೂ ಜಾಸ್ತಿ ಚರ್ಚಿಸುವುದಿಲ್ಲ. ಆ ನಾಲ್ಕು ಎಲ್ಲೆಲ್ಲಿದ್ದವು ನೋಡಿ. 1ಬಿ ಮತ್ತು 1ಐ ಎರಡೂ 55 ಡಿಗ್ರಿ ಪೂರ್ವ ರೇಖಾಂಶದ ಓರೆ ಕಕ್ಷೆಯಲ್ಲಿ. 1ಎಫ್ ಇರುವುದು 32.5 ಡಿಗ್ರಿಯಲ್ಲಿ. ಎನ್‌ವಿಎಸ್-01 ಮಾತ್ರ ದೂರದ 129.5 ಡಿಗ್ರಿಯಲ್ಲಿ. ಅಂದರೆ ನಮ್ಮ ಪಶ್ಚಿಮಕ್ಕೆ ಮೂರು, ಪೂರ್ವಕ್ಕೆ ಒಂದೇ ಒಂದು. ಉಪಗ್ರಹಗಳು ಆಕಾಶದಲ್ಲಿ ಹರಡಿಕೊಂಡಿದ್ದಷ್ಟೂ ಲೆಕ್ಕ ಚೆನ್ನಾಗಿ ಬರುತ್ತದೆ, ಒಂದೇ ಕಡೆ ಗುಂಪಾದರೆ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಪೂರ್ವದ 111.75 ಡಿಗ್ರಿಯ ಜಾಗ ತುಂಬಬೇಕಿದ್ದುದೇ ಎನ್‌ವಿಎಸ್-02. ಆ ಒಂದು ವಾಲ್ವ್ ತೆರೆಯದೆ ಹೋಗಿದ್ದರ ಬೆಲೆ ಎಷ್ಟು ಅಂತ ಆಗ ಅರ್ಥವಾಗುತ್ತದೆ. 1ಬಿ ಹಾರಿದ್ದು 2014ರ ಏಪ್ರಿಲ್‌ನಲ್ಲಿ, ಹತ್ತು ವರ್ಷದ ಆಯಸ್ಸು ಅಂತ ಲೆಕ್ಕ ಹಾಕಿ ಕಳಿಸಿದ್ದು. 1ಎಫ್ 2016ರದ್ದು. ಇಂಥ ಹಳೆಯ ಉಪಗ್ರಹಗಳ ಮೇಲೆ ಇನ್ನೆಷ್ಟು ದಿನ ಭಾರ ಹಾಕುತ್ತೀರಿ?

ಇಷ್ಟೆಲ್ಲ ಆದರೂ ಗಲಾಟೆ ಯಾಕಾಗಲಿಲ್ಲ? ಯಾರಿಗೂ ಗೊತ್ತಾಗಲಿಲ್ಲ, ಅಷ್ಟೇ. ನಮ್ಮ ಫೋನ್ ಎಲ್ಲರ ಉಪಗ್ರಹಗಳನ್ನೂ ಕಲಸಿಕೊಂಡು ಲೆಕ್ಕ ಹಾಕುತ್ತದೆ. ಉಪಗ್ರಹಗಳ ಪಟ್ಟಿ ತೋರಿಸುವ ಆಪ್‌ಗಳಿವೆ, ಬಯಲಿಗೆ ಬಂದು ಒಂದು ತೆರೆದು ನೋಡಿ. ಪ್ರತಿ ಸಾಲಿಗೂ ಒಂದು ದೇಶದ ಬಾವುಟ, ಉಪಗ್ರಹದ ನಂಬರು, ಸಿಗ್ನಲ್ ಎಷ್ಟು ಗಟ್ಟಿ ಅಂತ ಒಂದು ಪಟ್ಟಿ. ಅಮೆರಿಕದ ಬಾವುಟದ ಸಾಲುಗಳು ಹತ್ತರ ಆಸುಪಾಸು, ಚೀನಾದವು ಅದಕ್ಕಿಂತ ಜಾಸ್ತಿಯೂ ಇರಬಹುದು, ರಷ್ಯಾ, ಯುರೋಪ್. ಕೆಳಗೆ ಎಲ್ಲೋ ನಮ್ಮ ಬಾವುಟದ ಒಂದೆರಡು ಸಾಲು, ಫೋನಿನ ಚಿಪ್ ಒಪ್ಪಿದರೆ. ಹಳೆಯ ನಾವಿಕ್ ಉಪಗ್ರಹಗಳು ಎಲ್5 ಮತ್ತು ಎಸ್ ಅನ್ನುವ ರೇಡಿಯೋ ಬ್ಯಾಂಡಿನಲ್ಲಿ ಮಾತ್ರ ಮಾತಾಡುತ್ತವೆ, ಬಹಳಷ್ಟು ಅಗ್ಗದ ಫೋನುಗಳು ಕೇಳಿಸಿಕೊಳ್ಳುವುದು ಎಲ್1 ಮಾತ್ರ. ಎನ್‌ವಿಎಸ್-01ರಿಂದ ಎಲ್1 ಸೇರಿಸಿದಿರಿ, ಒಳ್ಳೆಯದಾಯಿತು, ಮೊದಲೇ ಆಗಬೇಕಿತ್ತು. ಒಟ್ಟಿನಲ್ಲಿ ನಾವಿಕ್‌ನ ಒಂದು ಉಪಗ್ರಹ ಮೌನವಾದರೆ ಆ ಪಟ್ಟಿಯಿಂದ ಒಂದು ಸಾಲು ಮಾಯವಾಗುತ್ತದೆ, ಮ್ಯಾಪಿನ ನೀಲಿ ಚುಕ್ಕೆ ಅಲುಗುವುದೂ ಇಲ್ಲ. ಬೇರೆಯವರ ಉಪಗ್ರಹಗಳು ನಮ್ಮ ಕೊರತೆ ಮುಚ್ಚಿಬಿಡುತ್ತವೆ. ಆದರೆ ನಾವಿಕ್ ಕಟ್ಟಿದ್ದೇ ಬೇರೆಯವರದ್ದು ಇಲ್ಲದ ದಿನಕ್ಕೆ ಅಲ್ವಾ?

ಈ ಮಾತು ಬಂದಾಗಲೆಲ್ಲ ಕಾರ್ಗಿಲ್ ಸಮಯದಲ್ಲಿ ಅಮೆರಿಕ ಜಿಪಿಎಸ್ ಕೊಡಲಿಲ್ಲ ಎನ್ನುವ ಕತೆ ಹೇಳುವುದು ರೂಢಿ. ಅದನ್ನು ಬದಿಗಿಡಿ, ಅದಿಲ್ಲದೆಯೂ ವಾದ ಗಟ್ಟಿಯಾಗಿಯೇ ಇದೆ. 2000ದ ಮೇ ತಿಂಗಳವರೆಗೆ ಅಮೆರಿಕ ಸಾರ್ವಜನಿಕ ಜಿಪಿಎಸ್ ಸಿಗ್ನಲ್ಲಿಗೆ ಬೇಕಂತಲೇ ತಪ್ಪು ಬೆರೆಸುತ್ತಿತ್ತು, ಜಾಗ ನೂರು ಮೀಟರಿನವರೆಗೂ ಆಚೀಚೆ ಆಗುತ್ತಿತ್ತು. ಒಂದು ರಾತ್ರಿ ನಿಲ್ಲಿಸಿದರು. ಅದು ಅವರ ತೀರ್ಮಾನ, ಮನಸ್ಸು ಬದಲಾಯಿಸಿದರೆ ಅದೂ ಅವರದ್ದೇ. ಇತ್ತೀಚಿನದ್ದು ಬೇಕಾ? 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ಅಮೃತಸರ ಮತ್ತು ಜಮ್ಮು ಗಡಿ ಭಾಗದಲ್ಲಿ ವಿಮಾನಗಳ ಜಿಪಿಎಸ್‌ಗೆ ಅಡ್ಡಿಪಡಿಸಿದ, ಸುಳ್ಳು ಸಿಗ್ನಲ್ ಕಳಿಸಿದ 465 ಪ್ರಕರಣಗಳಾಗಿವೆ ಎಂದು ಸರ್ಕಾರವೇ ಲೋಕಸಭೆಗೆ ಹೇಳಿದೆ. ನಾವಿಕ್ ಇದ್ದರೆ ಇದೆಲ್ಲ ನಿಂತುಬಿಡುತ್ತದೆ ಅಂತ ನಾನು ಹೇಳುತ್ತಿಲ್ಲ. 36,000 ಕಿಲೋಮೀಟರ್ ದೂರದಿಂದ ಬರುವ ಯಾವ ಸಿಗ್ನಲ್ಲೂ ದುರ್ಬಲವೇ, ಪಕ್ಕದಲ್ಲಿ ನಿಂತು ಕಿರುಚುವವನ ಮುಂದೆ ಅದು ಕೇಳಿಸುವುದಿಲ್ಲ. ಆದರೆ ಒಂದನ್ನು ಇನ್ನೊಂದರ ಜೊತೆ ತಾಳೆ ನೋಡಲು ನಮ್ಮದೇ ಒಂದು ಇರುವುದು ಬೇರೆ ವಿಷಯ. ಬರೀ ದಾರಿಯ ಮಾತೂ ಅಲ್ಲ ಇದು. ಮೊಬೈಲ್ ಟವರು, ವಿದ್ಯುತ್ ಜಾಲ, ಬ್ಯಾಂಕು, ಷೇರುಪೇಟೆ ಎಲ್ಲಕ್ಕೂ ಒಂದೇ ಗಂಟೆ ಬೇಕು, ಆ ಗಂಟೆ ಬಹುಪಾಲು ಆಕಾಶದಿಂದಲೇ ಇಳಿಯುತ್ತಿದೆ.

ಉಪಗ್ರಹಗಳನ್ನು ಕಾಲಕಾಲಕ್ಕೆ ತುಂಬದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಹುಡುಕಬೇಕಿಲ್ಲ, ರಷ್ಯಾದ ಗ್ಲೋನಾಸ್ ಇದೆ. ಸೋವಿಯತ್ ಕಾಲದಲ್ಲಿ, 1982ರಲ್ಲಿ ಶುರು. 1990ರ ದಶಕದ ನಡುವಿನ ಹೊತ್ತಿಗೆ 24 ಉಪಗ್ರಹ ತುಂಬಿ ಪೂರ್ತಿಯಾಯಿತು. ಆಗಿನ ಆ ಉಪಗ್ರಹಗಳ ಆಯಸ್ಸು ಮೂರು ವರ್ಷದ ಆಸುಪಾಸು, ದೇಶದ ಖಜಾನೆ ಖಾಲಿ. ಸತ್ತವುಗಳ ಜಾಗಕ್ಕೆ ಹೊಸತು ಹೋಗಲಿಲ್ಲ. 2001ರ ಹೊತ್ತಿಗೆ ಕೆಲಸ ಮಾಡುವವು ಹತ್ತಕ್ಕಿಂತ ಕಡಿಮೆ. ಮತ್ತೆ 24 ತುಂಬಲು 2011ರ ಕೊನೆಯವರೆಗೆ ಹಿಡಿಯಿತು. ಹತ್ತು ವರ್ಷ! ಆ ನಡುವಿನ ಕಾಲದಲ್ಲಿ ರಿಸೀವರ್ ಮಾಡುವ ಬಹಳಷ್ಟು ಕಂಪನಿಗಳು ಆ ಕಡೆ ತಲೆಯೂ ಹಾಕಲಿಲ್ಲ. ಉಪಗ್ರಹ ಹೋದರೆ ಇನ್ನೊಂದು ಕಳಿಸಬಹುದು, ನಂಬಿಕೆ ಹೋದರೆ ಚಿಪ್ ಮಾಡುವವರನ್ನು ಮತ್ತೆ ಕರೆತರುವುದು ಕಷ್ಟ. ನಮ್ಮಲ್ಲೂ 2020ರ ಆಸುಪಾಸಿನಲ್ಲಷ್ಟೇ ದೊಡ್ಡ ಚಿಪ್ ಕಂಪನಿಗಳು ನಾವಿಕ್ ಸೇರಿಸಲು ಶುರುಮಾಡಿದ್ದು, ಐಫೋನಿಗೆ ಬಂದದ್ದು 2023ರಲ್ಲಿ, 15 ಪ್ರೊ ಮಾದರಿಗಳಿಂದ. ಈಗ ತಾನೇ ಬಂದವರನ್ನು ಕಳೆದುಕೊಳ್ಳಬೇಡಿ.

ಉಳಿದವರು ಹೇಗೆ ನಡೆದುಕೊಳ್ಳುತ್ತಾರೆ? ಅಮೆರಿಕದ ಕೋಸ್ಟ್ ಗಾರ್ಡ್‌ನವರು ನಡೆಸುವ ನ್ಯಾವಿಗೇಷನ್ ಸೆಂಟರ್ ಒಂದೊಂದು ಜಿಪಿಎಸ್ ಉಪಗ್ರಹದ ಸ್ಥಿತಿಯನ್ನೂ ಪ್ರಕಟಿಸುತ್ತದೆ. ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಇಂಥ ಉಪಗ್ರಹ ಲಭ್ಯವಿಲ್ಲ ಎಂದು ಮುಂಚಿತವಾಗಿಯೇ ನೋಟಿಸ್ ಹಾಕುತ್ತದೆ. ನೆನಪಿಡಿ, ಅದು ಸೇನೆಯ ಆಸ್ತಿ. ಗೆಲಿಲಿಯೋದವರೂ ಹಾಗೇ. 2014ರ ಆಗಸ್ಟ್‌ನಲ್ಲಿ ಅವರ ಎರಡು ಉಪಗ್ರಹ ತಪ್ಪು ಕಕ್ಷೆಗೆ ಹೋದಾಗ ಸ್ವತಂತ್ರ ತನಿಖೆ ಮಾಡಿಸಿ ಕಾರಣ ಹೇಳಿದರು: ರಾಕೆಟ್ಟಿನ ಮೇಲಿನ ಹಂತದಲ್ಲಿ ಇಂಧನದ ಕೊಳವೆಯನ್ನು ತಣ್ಣನೆಯ ಹೀಲಿಯಂ ಕೊಳವೆಗೆ ತೀರಾ ಹತ್ತಿರ ಕಟ್ಟಿದ್ದರು, ಇಂಧನ ಹೆಪ್ಪುಗಟ್ಟಿತು. (ದಾರಿ ತಪ್ಪಿದ ಆ ಎರಡು ಉಪಗ್ರಹಗಳು ಆಮೇಲೆ ಐನ್‌ಸ್ಟೈನ್ ಸಿದ್ಧಾಂತ ಪರೀಕ್ಷೆ ಮಾಡಲು ಬಹಳ ಉಪಯೋಗಕ್ಕೆ ಬಂದವು. ಅವುಗಳ ಎತ್ತರ ದಿನವೂ ಏರಿಳಿಯುತ್ತಿದ್ದುದರಿಂದ ಗುರುತ್ವಕ್ಕೆ ಗಡಿಯಾರ ಹೇಗೆ ಬದಲಾಗುತ್ತದೆ ಅಂತ ಅಳೆಯಲು ಸಾಧ್ಯವಾಯಿತು. ಎನ್‌ವಿಎಸ್-02ರಲ್ಲೂ ಗಡಿಯಾರ ಇದೆ, ಕಕ್ಷೆಯೂ ಮೊಟ್ಟೆಯಾಕಾರದ್ದೇ, ಸುಮ್ನೆ ಹೇಳಿದೆ.) 2019ರ ಜುಲೈನಲ್ಲಿ ಭೂಮಿಯ ಮೇಲಿನ ಕೇಂದ್ರಗಳ ತೊಂದರೆಯಿಂದ ಗೆಲಿಲಿಯೋ ಸೇವೆ ಸುಮಾರು ಒಂದು ವಾರ ನಿಂತಿತ್ತು. ಆಗಲೂ ನಿಂತಿದೆ ಎಂದು ನೋಟಿಸ್ ಹಾಕಿದ್ದರು, ಆಮೇಲೆ ತನಿಖಾ ಮಂಡಳಿ ನೇಮಿಸಿದರು.

ಇಲ್ಲಿ ಯಾರಾದರೂ ಎದ್ದು ಹೇಳುತ್ತಾರೆ, ಇದೆಲ್ಲ ಬಯಲು ಮಾಡಿದರೆ ಶತ್ರುಗಳಿಗೆ ಗೊತ್ತಾಗುವುದಿಲ್ಲವೇ, ದೇಶದ ಭದ್ರತೆ ಏನಾಗಬೇಕು ಅಂತ. ಸ್ವಾಮಿ, ನಾವಿಕ್ ಉಪಗ್ರಹಗಳು ಆಕಾಶದಿಂದ ಬಹಿರಂಗವಾಗಿ ಸಿಗ್ನಲ್ ಬಿಡುತ್ತಿವೆ. ಆ ಸಿಗ್ನಲ್ಲಿನೊಳಗೇ ನನ್ನ ಆರೋಗ್ಯ ಸರಿಯಿದೆ, ಸರಿಯಿಲ್ಲ ಎನ್ನುವ ಗುರುತೂ ಇರುತ್ತದೆ. ಅದನ್ನು ಓದುವ ವಿಧಾನವನ್ನು ನೀವೇ ದಾಖಲೆ ಮಾಡಿ ಜಗತ್ತಿಗೆಲ್ಲ ಹಂಚಿದ್ದೀರಿ, ಹಂಚಲೇಬೇಕಿತ್ತು, ಇಲ್ಲದಿದ್ದರೆ ಚಿಪ್ ಮಾಡುವವರು ಹೇಗೆ ಮಾಡಿಯಾರು? ಹೊರದೇಶಗಳ ಸಂಶೋಧನಾ ಕೇಂದ್ರಗಳು ಈ ಸಿಗ್ನಲ್ಲನ್ನು ದಿನವೂ ದಾಖಲಿಸಿಕೊಳ್ಳುತ್ತವೆ. ಒಂದು ಗಡಿಯಾರ ನಿಂತರೆ ಬೀಜಿಂಗಿಗೂ ಗೊತ್ತು, ವಾಷಿಂಗ್ಟನ್ನಿಗೂ ಗೊತ್ತು. ಗೊತ್ತಿಲ್ಲದೆ ಉಳಿಯುವುದು ಹಣ ಕೊಟ್ಟ ನಮಗೆ ಮಾತ್ರ.

ಇನ್ನೊಂದು ಆಕ್ಷೇಪ, ಇಸ್ರೋದವರ ಮನೋಬಲ ಕುಗ್ಗುತ್ತದೆ ಅನ್ನುವುದು. ಇದನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಹತ್ತಿರದ ಬ್ಯಾಲಾಳಿನ ನ್ಯಾವಿಗೇಷನ್ ಕೇಂದ್ರದಲ್ಲಿ ಕೂತು ನಾವಿಕ್‌ನ ಗಂಟೆ ಕಾಯುವವರು, ಹಾಸನದಲ್ಲಿ ಉಪಗ್ರಹಗಳನ್ನು ಹಗಲೂ ರಾತ್ರಿ ನೋಡಿಕೊಳ್ಳುವವರು, ಇವರಿಗೆ ನಿಜಸ್ಥಿತಿ ಚೆನ್ನಾಗಿ ಗೊತ್ತಿದೆ. ಜನಕ್ಕೆ ಪೂರ್ತಿ ಗೊತ್ತಿದ್ದರೆ ಅವರ ಕೆಲಸಕ್ಕೆ ಬೆಲೆ ಹೆಚ್ಚೇ ಆಗುತ್ತದೆ. ಹತ್ತು ವರ್ಷಕ್ಕೆಂದು ಕಳಿಸಿದ 1ಬಿಯನ್ನು ಅದರಾಚೆಗೂ ಓಡಿಸಿದವರು ಯಾರು? ಗಡಿಯಾರ ಸತ್ತ ಉಪಗ್ರಹಗಳನ್ನೂ ಎಸೆಯದೆ ಸಂದೇಶ ಕಳಿಸುವ ಕೆಲಸಕ್ಕೆ ಹಚ್ಚಿದ್ದು ಯಾರ ಬುದ್ಧಿ? ಸಮುದ್ರದಲ್ಲಿ ಫೋನ್ ಟವರ್ ಸಿಗದ ದೂರಕ್ಕೆ ಹೋದ ಮೀನುಗಾರರಿಗೆ ಚಂಡಮಾರುತದ ಎಚ್ಚರಿಕೆ ತಲುಪಿಸಲು ಇಂಥ ಸಂದೇಶ ಸೇವೆ ಎಷ್ಟು ಬೇಕು ಅನ್ನುವುದು 2017ರ ಓಖಿ ಚಂಡಮಾರುತದ ಮೇಲೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ಉಪಯೋಗವನ್ನಾದರೂ ಎದೆ ತಟ್ಟಿ ಹೇಳಿಕೊಳ್ಳಿ.

ನನಗನ್ನಿಸುವುದು ಇಷ್ಟು. ನಮ್ಮಲ್ಲಿ ಎಲ್ಲರ ಕಣ್ಣೂ ಉಡಾವಣೆಯ ದಿನದ ಮೇಲೆ. ನಿಮ್ಮದು ಮಾತ್ರವಲ್ಲ, ಮಾಧ್ಯಮದವರದ್ದು, ಮಂತ್ರಿಗಳದ್ದು, ನಮ್ಮದೂ. ಚಂದ್ರನ ಮೇಲೆ ಇಳಿಯುವುದು ಒಂದು ಸಲದ ಕೆಲಸ, ಇಳಿದರೆ ಗೆದ್ದ ಹಾಗೆ. ನಾವಿಕ್ ಹಾಗಲ್ಲ. ಊರಿಗೆ ಹೊಸ ಬಸ್ಸು ಬಂದ ದಿನ ಹಾರ ಹಾಕಿ, ತೆಂಗಿನಕಾಯಿ ಒಡೆದು ಫೋಟೋ ತೆಗೆದರೆ ಸಾಲದು, ಅದು ನಾಳೆ ಬೆಳಿಗ್ಗೆಯೂ ಬರಬೇಕು, ಮುಂದಿನ ಮಳೆಗಾಲದಲ್ಲೂ ಬರಬೇಕು, ಕೆಟ್ಟರೆ ಡಿಪೋದಲ್ಲಿ ಇನ್ನೊಂದು ಬಸ್ಸಿರಬೇಕು. ಅಮೆರಿಕದವರು 24 ಸಾಕಾಗುವ ಕಡೆ 30ರ ಆಸುಪಾಸು ಇಟ್ಟುಕೊಂಡಿರುವುದು ಇದಕ್ಕೇ. ನಮ್ಮಲ್ಲಿ ಬದಲಿ ಉಪಗ್ರಹ ತಯಾರಾಗಿ ಕೂತಿರುವುದು ಬಿಡಿ, ಹೋದದ್ದರ ಜಾಗಕ್ಕೆ ಇನ್ನೊಂದು ಹೋಗಲು ಎಷ್ಟೋ ವರ್ಷ. ಗಗನಯಾನ, ಚಂದ್ರಯಾನ, ಹೊಸ ಬಾಹ್ಯಾಕಾಶ ನಿಲ್ದಾಣ ಎಲ್ಲ ಬರಲಿ, ನನಗೂ ಆಸೆ. ಆದರೆ ಸರದಿಯಲ್ಲಿ ನಾವಿಕ್ ಪ್ರತಿ ಸಲ ಹಿಂದಕ್ಕೆ ಹೋಗುತ್ತಿದೆಯಾ ಅನ್ನುವ ಅನುಮಾನ ಬಂದರೆ ಅದು ನಮ್ಮ ತಪ್ಪಲ್ಲ. ಯಾವ ಉಡಾವಣೆ ಯಾಕೆ ತಡವಾಯಿತು, ರಾಕೆಟ್ ಇಲ್ಲವೇ, ಉಪಗ್ರಹ ಸಿದ್ಧವಿಲ್ಲವೇ, ಹಣವಿಲ್ಲವೇ ಅಂತ ಒಂದು ಸಾಲು ಬರೆದರೆ ಅನುಮಾನಕ್ಕೆ ಜಾಗವೇ ಇರುವುದಿಲ್ಲ.

ಸುಮ್ಮನೆ ಆದೇಶ ಹೊರಡಿಸಿದರೆ ಆಗುವ ಕೆಲಸವೂ ಅಲ್ಲ ಇದು. ಬಸ್ಸು, ಟ್ಯಾಕ್ಸಿಗಳ ಟ್ರ್ಯಾಕರ್‌ನಲ್ಲಿ ನಾವಿಕ್ ಇರಬೇಕು ಅಂತ ನಿಯಮ ಬಂತು, ಫೋನುಗಳಿಗೂ ಕಡ್ಡಾಯ ಮಾಡುವ ಮಾತು ಆಗಾಗ ಕೇಳಿಬರುತ್ತದೆ. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಆಕಾಶದಲ್ಲಿ ಏಳು ಇರಲಿ. ಈಗಲೂ ನಾವಿಕ್ ಅಂದರೆ ಗೂಗಲ್ ಮ್ಯಾಪಿನಂಥ ಒಂದು ಆಪ್ ಅಂದುಕೊಂಡವರು, ಎಲ್ಲಿಂದ ಡೌನ್‌ಲೋಡ್ ಮಾಡೋದು ಅಂತ ಕೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವರನ್ನು ನೋಡಿ ನಗಬೇಡಿ. ಹತ್ತು ವರ್ಷದಲ್ಲಿ ಅವರಿಗೆ ತಲುಪಿದ್ದು ಹೆಸರು ಮತ್ತು ಹೆಮ್ಮೆ, ವಿಷಯವನ್ನು ಯಾರೂ ತಲುಪಿಸಲಿಲ್ಲ.

ಹಾಗಾಗಿ ಆ ಪುಟದ ಮಾತಿಗೇ ಬರುತ್ತೇನೆ. ಉಪಗ್ರಹಕ್ಕೊಂದು ಸಾಲು. ಹೆಸರು, ಹಾರಿದ ದಿನ, ಎಲ್ಲಿದೆ, ದಾರಿ ತೋರಿಸುತ್ತಿದೆಯೋ ಸಂದೇಶ ಮಾತ್ರವೋ, ಓಡುತ್ತಿರುವ ಗಡಿಯಾರ ಎಷ್ಟು. ಅದರ ಕೆಳಗೆ ಕಳೆದ ತಿಂಗಳು ಬೆಂಗಳೂರು, ದೆಹಲಿ, ಗುವಾಹಟಿ, ಶ್ರೀ ವಿಜಯಪುರಂ (ಹಿಂದಿನ ಪೋರ್ಟ್ ಬ್ಲೇರ್) ಥರದ ಕೆಲವು ಕಡೆ ಬರೀ ನಾವಿಕ್‌ನಿಂದ ಅಳೆದರೆ ಎಷ್ಟು ಮೀಟರ್ ತಪ್ಪಿತ್ತು ಅನ್ನುವ ಅಂಕಿ. 20 ಮೀಟರಿಗಿಂತ ಚೆನ್ನಾಗಿರುತ್ತದೆ ಅಂತ ನೀವು ಮಾತು ಕೊಟ್ಟಿದ್ದೀರಿ, ಅದು ಉಳಿದಿದೆಯಾ ಅಂತ ನೋಡೋಣ. ಕೊನೆಗೆ ಎನ್‌ವಿಎಸ್-03, 04, 05 ಯಾವ ಹಂತದಲ್ಲಿವೆ ಅಂತ ಒಂದೊಂದು ಸಾಲು. ದಿನಾಂಕ ಮುಂದೆ ಹೋದರೆ ಹಳೆಯ ದಿನಾಂಕ ಅಳಿಸಬೇಡಿ, ಅದರ ಮೇಲೆ ಗೀಟು ಎಳೆದು ಪಕ್ಕದಲ್ಲಿ ಹೊಸತು ಬರೆಯಿರಿ. ವಿನ್ಯಾಸ, ಬಣ್ಣ, ವಿಡಿಯೋ ಯಾವುದೂ ಬೇಡ. ನಿಮ್ಮಲ್ಲಿರುವ ಯಾವುದೇ ಕಿರಿಯ ಎಂಜಿನಿಯರಿಗೆ ಇದು ಒಂದು ಮಧ್ಯಾಹ್ನದ ಕೆಲಸ, ಅಂಕಿಗಳೆಲ್ಲ ನಿಮ್ಮ ಬಳಿ ಈಗಾಗಲೇ ಇವೆ.

ಇಂಗ್ಲಿಷ್, ಹಿಂದಿ ಜೊತೆಗೆ ಕನ್ನಡದಲ್ಲೂ ಹಾಕಿ. ನಿಮ್ಮ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿ, ಅನುವಾದ ಮಾಡಲು ದೂರ ಹೋಗಬೇಕಿಲ್ಲ.

ಇಂತಿ,
ಉಡಾವಣೆ ತಪ್ಪಿಸದೆ ನೋಡುವ ಒಬ್ಬ ತೆರಿಗೆದಾರ